ತೆಪ್ಪದಲ್ಲಿ ಊಟದ ಪ್ರಾರ್ಥನೆ

ನನಗೆ ಈಜು ಬರುವುದಿಲ್ಲ. ಚರ್ಚಿನಿಂದ ಔಷಧ ಮುಟ್ಟಿಸುವ ಕೆಲಸಕ್ಕೆ ಹೆಸರು ಕೊಡುವಾಗ ಅದನ್ನು ಹೇಳಿರಲಿಲ್ಲ. ತಪ್ಪು ನನ್ನದೇ. ಆ ವರ್ಷ ಕೃಷ್ಣೆಯ ನೀರು ಏರಿ ಜಮಖಂಡಿ ಕಡೆಯ ಒಂದು ತೋಟದ ವಸ್ತಿ ನಡುಗಡ್ಡೆಯಾಗಿತ್ತು. ಅಲ್ಲಿದ್ದ ಕುರುಬರ ಅಜ್ಜಿಯೊಬ್ಬಳ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮುಗಿದು ಎರಡು ದಿನವಾಗಿತ್ತು.

ತೆಪ್ಪ ನಡೆಸುವ ಬೀರಪ್ಪ ತನ್ನ ಹಣೆಗೆ ಬೀರೇಶ್ವರನ ಭಂಡಾರ ಹಚ್ಚಿಕೊಂಡು, ಅದೇ ಅರಿಶಿನದ ಬೆರಳನ್ನು ನನ್ನ ಹಣೆಯತ್ತ ತಂದ. ನಾನು ತಲೆ ಹಿಂದೆಳೆದೆ.

"ಬೇಡ. ನಾನು ಕ್ರಿಶ್ಚಿಯನ್."

"ಹಂಗಾದ್ರ ನಿಮ್ಮ ದೇವರನ್ನರ ನೆನೀರಿ, ಸಾಹೇಬ್ರ. ದೇವರ ಹೆಸರು ಹೇಳದವರನ್ನ ನಾ ದಾಟಸಂಗಿಲ್ಲ."

ಕೆಂಪು ನೀರು ಸುಳಿಸುಳಿಯಾಗಿ ತಿರುಗುತ್ತಿತ್ತು. ಕಣ್ಣು ಮುಚ್ಚಿದರೆ ಒಂದು ಪ್ರಾರ್ಥನೆಯೂ ನೆನಪಿಗೆ ಬರಲಿಲ್ಲ. ಕಾನ್ವೆಂಟ್ ಶಾಲೆಯಲ್ಲಿ ದಿನಾ ಹೇಳಿಸುತ್ತಿದ್ದ ಇಂಗ್ಲಿಷ್ ಪ್ರಾರ್ಥನೆಯೊಂದೇ ಬಾಯಿಗೆ ಬಂತು. ತೆಪ್ಪ ಹತ್ತಿ, ಅದರ ಅಂಚನ್ನು ಬಿಗಿಯಾಗಿ ಹಿಡಿದು ಅದನ್ನೇ ಹೇಳಿದೆ.

ನಡುನೀರಿನಲ್ಲಿ ಬೀರಪ್ಪ ಕೇಳಿದ, "ಹೊಳಿ ದಾಟೂ ಮಂತ್ರ ಏನ್ರಿ ಅದು?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಅಲ್ಲ. ಊಟಕ್ಕೆ ಮುಂಚೆ ಹೇಳುವುದು."

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ ನೀರು ನೋಡಿದ. "ಯಾರ ಊಟಾರೀ? ಮೊಸಳೀದ?"

ಆಚೆ ದಡದಲ್ಲಿ ಇಂಜೆಕ್ಷನ್ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟೆ. ಆಕೆ ನನ್ನ ತೊಯ್ದ ತಲೆಯನ್ನು ಸೆರಗಿನಿಂದ ಒರೆಸಿ, "ಇಷ್ಟ ಅಂಜಿಕೊಂಡೂ ಬಂದೆಲ್ಲೋ ನನ್ನಪ್ಪಾ" ಎಂದಳು. ಸೇವೆಯಲ್ಲಿ ಆನಂದವಿದೆ ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೆ. ಅದು ಖರೆ ಎಂದು ನನಗೆ ತಿಳಿದದ್ದು ಆಗ, ಎದೆ ಇನ್ನೂ ಹೊಡೆದುಕೊಳ್ಳುತ್ತಿರುವಾಗ.

ತಿರುಗಿ ಬರುವಾಗಲೂ ಅಷ್ಟೇ ಹೆದರಿದ್ದೆ. ಬೀರಪ್ಪ ಹುಟ್ಟು ಕೈಗೆತ್ತಿಕೊಂಡ.

"ಅದನ್ನ ಹೇಳ್ರಿ, ಸಾಹೇಬ್ರ. ಇಂಗ್ಲಿಷಿನ್ಯಾಗ ಹೇಳ್ರಿ ಮತ್ತ, ಮೊಸಳಿಗಿ ತಿಳೀಬಾರ್ದು."