ಒಂಬತ್ತನೇ ಪುಟದ ಹೆಗ್ಗಣ

ಹೆಗ್ಗಣ ತಿನ್ನಲಿಲ್ಲ, ಗೌರತ್ತೆ. ನಾನು ತಿಂದೆ. ನಿಮ್ಮ ಹಿತ್ತಲಿನ ಮರಳ ಪಾತಿಯಲ್ಲಿ ಮೊಳಕೆಗೆ ಇಟ್ಟಿದ್ದ ಹನ್ನೆರಡು ತೆಂಗಿನಕಾಯಿಗಳಲ್ಲಿ ಏಳನ್ನು ಒಂದೊಂದಾಗಿ ಕಿತ್ತು, ಒಡೆದು, ಮೊಳಕೆ ಬಂದಾಗ ಒಳಗೆ ಕಟ್ಟುವ ಬೆಳ್ಳನೆ ಸಿಹಿ ಗಡ್ಡೆಯನ್ನು ಗುಳುಂ ಮಾಡಿದವಳು ಪಕ್ಕದ ಮನೆಯ ಸೊಸೆ — ಈ ಪಾರ್ವತಿ. ನಲವತ್ತು ವರ್ಷ ದಾಟಿದೆ. ಇವತ್ತು ಹೇಳುತ್ತಿದ್ದೇನೆ.

ಆಗ ನಾನು ಚಿಕ್ಕನಾಯಕನಹಳ್ಳಿ ಕಡೆಯಿಂದ ಹೊನ್ನವಳ್ಳಿಗೆ ಮದುವೆಯಾಗಿ ಬಂದು ಐದು ತಿಂಗಳು. ನಮ್ಮತ್ತೆ ಸಿದ್ದಮ್ಮನವರಿಗೂ ನಿಮಗೂ ನಡುವೆ ಇದ್ದದ್ದು ಒಂದು ಕಳ್ಳಿ ಬೇಲಿ, ಅದರಲ್ಲೊಂದು ಕಿಂಡಿ. ಬೆಳಿಗ್ಗೆ ಇತ್ತಲಿಂದ ಹೆಪ್ಪು ಹೋದರೆ ಮಧ್ಯಾಹ್ನ ಅತ್ತಲಿಂದ ಬಸ್ಸಾರು ಬರುತ್ತಿತ್ತು. ನೀವಿಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರಂತೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಕಷಾಯ ಕಾಸುವಷ್ಟು ಸ್ನೇಹ. ಅದನ್ನು ಕೆಡಿಸಿದ್ದು ನನ್ನ ನಾಲಿಗೆ.

ನನಗೆ ಎರಡು ತಿಂಗಳಾಗಿತ್ತು. ಇನ್ನೂ ಯಾರಿಗೂ ಹೇಳಿರಲಿಲ್ಲ. ಅನ್ನ ಕಂಡರೆ ವಾಕರಿಕೆ. ಬೇಲಿಯಾಚೆ ಹಸಿರಾಗಿ ತಲೆಯೆತ್ತಿದ್ದ ಆ ಮೊಳಕೆಗಳನ್ನು ಕಂಡರೆ ಮಾತ್ರ ಬಾಯಲ್ಲಿ ನೀರು. ಬಸುರಿ ಕೇಳಿದರೆ ಇಲ್ಲ ಅನ್ನುವವರು ನಮ್ಮ ಸೀಮೆಯಲ್ಲೇ ಇಲ್ಲ. ಒಂದು ಮಾತು ಕೇಳಿದ್ದರೆ ನೀವೇ ಒಡೆದು, ಜೊತೆಗೆ ಅಚ್ಚು ಬೆಲ್ಲವನ್ನೂ ಇಟ್ಟು ಕೊಡುತ್ತಿದ್ದಿರಿ. ಆದರೆ ಕೇಳಬೇಕೆಂದರೆ ಬಸುರಿ ಅಂತ ಹೇಳಬೇಕಲ್ಲ — ನಾಚಿಕೆ! ಅಯ್ಯೋ ನನ್ನ ಕರ್ಮವೇ, ಕದಿಯುವಾಗ ಬಾರದ ನಾಚಿಕೆ ಕೇಳುವಾಗ ಬಂದುಬಿಟ್ಟಿತು.

ತುರುವೇಕೆರೆಗೆ ಕೊಟ್ಟಿದ್ದ ನಿಮ್ಮ ಮಗಳ ಹೊಸ ತೋಟಕ್ಕೆಂದು, ಬಾವಿ ಪಕ್ಕದ ಮರದಿಂದ ಆರಿಸಿಟ್ಟ ಬಿತ್ತನೆಕಾಯಿ ಅವು. ಅತ್ತೆ ಎರಡು ಕೇಳಿದ್ದಕ್ಕೆ ನೀವು ಮುಂದಿನ ವರ್ಷ ಅಂದಿದ್ದಿರಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಅತ್ತೆಯನ್ನು ಸಿಕ್ಕಿಬೀಳಿಸಿದ್ದು ಮಟ್ಟೆ. ಕಾಯಿಯಿಂದ ಸುಲಿದ ನಾರಿನ ಮಟ್ಟೆಯನ್ನು ಬಚ್ಚಲ ಒಲೆಯಲ್ಲಿ ಒಣಮಟ್ಟೆಗಳ ಕೆಳಗೆ ತುರುಕಿದ್ದೆ. ಪಾತಿಯ ನೀರು ಕುಡಿದ ಮಟ್ಟೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದ ನನಗೆ ಅಷ್ಟೂ ಹೊಳೆಯಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವವರು ಅತ್ತೆ. ಅವರು ಕೆಮ್ಮುತ್ತಾ ಊದುತ್ತಿದ್ದರೆ ಬೀದಿ ತುಂಬ ಹೊಗೆ. ನೀವು ಪಾತಿ ನೋಡಿ, ಹೊಗೆ ನೋಡಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಿರಿ.

"ಏನೇ ಸಿದ್ದಿ, ಒಣಮಟ್ಟೆ ಹಿಂಗೆ ಹೊಗೆ ಆಡ್ತದೇನೇ? ಎರಡು ಕಾಯಿ ಕೊಡ್ಲಿಲ್ಲ ಅಂತ ನನ್ನ ಮಗಳ ತೋಟಕ್ಕೇ ಕೈ ಹಾಕ್ದ್ಯಾ?"

"ಯಾರನ್ನೇ ಕಳ್ಳಿ ಅಂತೀಯಾ? ಇನ್ಮೇಲೆ ನಿನ್ನ ಹೊಸ್ಲು ತುಳುದ್ರೆ ಕೇಳು!" ಅಂದರು ಅತ್ತೆ.

ನಾನು ಒಳಗಿದ್ದೆ. ಏಳನೆಯ ಕಾಯಿಯ ಚೂರು ಇನ್ನೂ ಬಾಯಲ್ಲೇ ಇತ್ತು. ನುಂಗಿದೆ, ಮಾತನ್ನೂ ಅದರ ಜೊತೆಗೇ ನುಂಗಿದೆ.

ಸಂಜೆಗೆ ಕಿಂಡಿಗೆ ಜಾಲಿಮುಳ್ಳು ಬಿತ್ತು. ಆಮೇಲಿನ ನಾಲ್ಕು ವರ್ಷ ನೀವಿಬ್ಬರೂ ಮಾತಾಡಿದ್ದು ನಿಮ್ಮ ನಿಮ್ಮ ಎಮ್ಮೆಗಳ ಜೊತೆ. "ಕೆಲವ್ರಿಗೆ ಬಾಯಿ ದೊಡ್ಡದು, ಕಣ್ಣು ಸಣ್ಣದು ಕಣೇ, ನೀನು ಮೇಯಿ," ಅಂತ ಅತ್ತೆ ನಮ್ಮ ಎಮ್ಮೆಗೆ ಹೇಳುವುದು. "ಮೇಯೋದಾದ್ರೆ ನಮ್ಮ ಹಿತ್ತಲಲ್ಲೇ ಮೇಯಿ, ಬೇರೆಯೋರಂಗೆ ಬೇಲಿ ಹಾರಬ್ಯಾಡ," ಅಂತ ನೀವು ನಿಮ್ಮ ಎಮ್ಮೆಗೆ ಹೇಳುವುದು. ಪಾಪ, ಆ ಎಮ್ಮೆಗಳು ಎಷ್ಟು ಕೇಳಿಸಿಕೊಂಡವೋ! ಬೀದಿಯವರಿಗೆಲ್ಲ ನಗು. ನನಗೂ ಒಮ್ಮೊಮ್ಮೆ ನಗು ಬರುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ.

ನಗು ನಿಂತದ್ದು ಒಂದು ದಿನ. ಮಗಳು ಸುಧಾಗೆ ಎಣ್ಣೆ ಹಚ್ಚುತ್ತಾ ಅತ್ತೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಪಾರೂ, ಆವತ್ತು ನಾನೇ ಏನಾದ್ರೂ ಕಿತ್ತಿದ್ನೇನೇ? ಮರ್ತುಗಿರ್ತು ಹೋಗಿದೀನೇನೋ..." ಅಂದರು. ನನ್ನ ಬಸುರಿನ ಆಸೆ ತೀರಿಸಿಕೊಂಡದ್ದಕ್ಕೆ ಆ ಜೀವ ತನ್ನನ್ನೇ ಅನುಮಾನಿಸುವ ಹಾಗಾಗಿತ್ತು.

"ಇಲ್ಲ ಬುಡಿ ಅತ್ತೆ," ಅಂದೆ. ಅಷ್ಟೇ. "ನಾನು" ಎಂಬ ಎರಡಕ್ಷರ ಬಾಯಿಗೆ ಬರಲಿಲ್ಲ.

ಆ ವರ್ಷ ನಾನು ಬಾಲವಾಡಿಗೆ ಟೀಚರ್ ಆಗಿದ್ದೆ. ಮಕ್ಕಳಿಗೆ ಚಿತ್ರದ ಪುಸ್ತಕ ಮಾಡಿ ಎಂದು ಮೇಲಿನಿಂದ ಹೇಳಿಕಳಿಸಿದ್ದರು. ಹತ್ತು ಡ್ರಾಯಿಂಗ್ ಹಾಳೆ ತಂದು, ಕೆಮ್ಮಣ್ಣು, ಅರಿಶಿನ, ಬಟ್ಟೆಯ ನೀಲಿ ಕಲಸಿ ಬರೆದೆ. ಕೊಬ್ಬರಿ ಚೀಲ ಹೊಲಿಯುವ ದಬ್ಬಳದಲ್ಲಿ ಹುರಿ ಪೋಣಿಸಿ ಹೊಲಿದೆ. ಕತೆ ನಿಮ್ಮಿಬ್ಬರದೇ: ಇಬ್ಬರು ಅಜ್ಜಿಯರು, ಎರಡು ಎಮ್ಮೆ, ನಡುವೆ ಬೇಲಿ. ಆರನೇ ಪುಟದಲ್ಲಿ ಬೇಸತ್ತ ಎಮ್ಮೆ, "ಅಮ್ಮಣ್ಣೀ, ಹುಲ್ಲು ನನಗೆ ಹಾಕಿ, ಮಾತು ಅವರಿಗೆ ಹಾಕಿ," ಅನ್ನುತ್ತದೆ. ಎಂಟನೇ ಪುಟದಲ್ಲಿ ಮಟ್ಟೆ ರಾಶಿಯ ಮೇಲೆ ಮಳೆ — ಹೊಗೆಗೆ ಒಂದು ಕಾರಣ ಬೇಕಿತ್ತಲ್ಲ. ಒಂಬತ್ತನೇ ಪುಟದಲ್ಲಿ ಇಷ್ಟುದ್ದ ಮೀಸೆಯ ಹೆಗ್ಗಣ ಮೊಳಕೆಕಾಯಿ ತಬ್ಬಿಕೊಂಡು ಮೆಲ್ಲುತ್ತಿದೆ. ಮೀಸೆ ಚೆನ್ನಾಗಿ ಬಂತೆಂದು ಖುಷಿಪಟ್ಟೆ.

ಮಕ್ಕಳು ಓದುವುದನ್ನು ನೋಡಲು ಮನೆಯವರನ್ನೆಲ್ಲ ಕರೆದ ದಿನ ನೀವು ಬಾಗಿಲ ಆ ಕಡೆ, ಅತ್ತೆ ಈ ಕಡೆ ಕೂತಿರಿ. ನಿಮ್ಮ ಮೊಮ್ಮಗಳು ಮಂಜುಳಾ, ನಮ್ಮ ಸುಧಾ ಇಬ್ಬರೂ ಸೇರಿ ಪುಟ ತಿರುವುತ್ತಾ, ಬಾಯಿಪಾಠ ಮಾಡಿದ್ದನ್ನು ಕೂಗಿ ಹೇಳಿದವು. ಒಂಬತ್ತನೇ ಪುಟಕ್ಕೆ ಬಂದಾಗ, "ತಿಂದೋರ್ಯಾರು? ಹೆಗ್ಗಣ!" ಎಂದು ಎಲ್ಲ ಮಕ್ಕಳೂ ಕಿರುಚಿದವು.

ಎಲ್ಲರೂ ನಿಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದರು.

"ಹೆಗ್ಗಣ ಅಂತೆ ಕಣೇ ಗೌರಿ," ಅಂದರು ಅತ್ತೆ, ಮೆಲ್ಲಗೆ.

"ನಂಗ್ಯಾಕೆ ಹೇಳ್ತೀಯಾ? ನಿನ್ನ ಎಮ್ಮೆಗೆ ಹೇಳೋಗು," ಅಂದಿರಿ ನೀವು. ಅನ್ನುತ್ತಲೇ ನಿಮಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು, ನಗುತ್ತಾ ನಗುತ್ತಾ ಅತ್ತರು. "ನಿನ್ನ ಕಳ್ಳಿ ಅಂದ್ಬುಟ್ಟೆ, ನನ್ನ ನಾಲಿಗೆಗೆ ಬರೆ ಹಾಕ ಕಣೇ," ಅಂತ ನೀವು ಅವರ ಕೈ ಹಿಡಿದುಕೊಂಡಿರಿ. ಪುಸ್ತಕದಲ್ಲಿ ಬರೆದಿದೆ ಎಂದು ನಂಬಿದಿರೋ, ಮಾತಾಡಲು ಒಂದು ನೆಪಕ್ಕಾಗಿ ಇಬ್ಬರೂ ಕಾಯುತ್ತಿದ್ದಿರೋ ಕಾಣೆ. ಕ್ಷಮೆ ಕೇಳಬೇಕಾದವಳು ನಾನು, ಕೇಳಿದವರು ನೀವು. ನಾನು ಚಪ್ಪಾಳೆ ತಟ್ಟುತ್ತಾ ನಿಂತಿದ್ದೆ.

ಆಮೇಲೆ ಶುರುವಾಯಿತಪ್ಪ ನಿಮ್ಮಿಬ್ಬರ ಹೆಗ್ಗಣದ ಬೇಟೆ! ಕಂಡ ಕಂಡ ಬಿಲಕ್ಕೆಲ್ಲ ಕಲ್ಲು ಜಡಿದಿರಿ, ಬೋನು ತರಿಸಿದಿರಿ. ಏನೂ ಅರಿಯದ ಆ ಪ್ರಾಣಿಗಳ ಶಾಪವೂ ನನ್ನ ಮೇಲೇ ಇದೆ. ಬಾವಿ ಮರದ ಎರಡು ಬಿತ್ತನೆಕಾಯಿಯನ್ನು ಮತ್ತೆ ತೆರೆದ ಕಿಂಡಿಯಲ್ಲಿ ನೀವೇ ಕೊಟ್ಟಿರಿ. ಅತ್ತೆ ಅವನ್ನು ಪಾತಿಗೆ ಇಟ್ಟು, ಸುತ್ತ ಮುಳ್ಳು ಹೊದಿಸಿ, "ನೋಡ್ಕೊ ಮಗಾ, ಹೆಗ್ಗಣ ಬಂದಾತು," ಅಂತ ಕಾವಲಿಗೆ ಹಾಕಿದ್ದು ಯಾರನ್ನು ಗೊತ್ತೇ? ನನ್ನನ್ನು. ಆ ಎರಡನ್ನು ಮಾತ್ರ ನಿಯತ್ತಾಗಿ ಕಾದೆ. ಅದರಲ್ಲಿ ಒಂದು ಮರವಾಗಿದೆ, ಇವತ್ತಿನ ಸಾರಿಗೂ ಅದರ ಕಾಯಿಯನ್ನೇ ತುರಿದೆ.

ಅತ್ತೆಗೆ ಹೇಳಲಿಲ್ಲ. ನಾಳೆ, ನಾಡಿದ್ದು ಅಂದುಕೊಂಡೇ ಅವರನ್ನು ಕಳಿಸಿಕೊಟ್ಟೆ. ಅವರು ನನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದರೆಂದರೆ — ಬೇಡ, ಅದನ್ನು ಹೇಳಿ ನಿಮ್ಮಿಂದ ಕರುಣೆ ಕೇಳುವ ಹಕ್ಕು ನನಗಿಲ್ಲ.

ಮೊನ್ನೆ ನಿಮ್ಮ ಟ್ರಂಕಿನಿಂದ, ನೀವೇ ಎತ್ತಿಟ್ಟುಕೊಂಡಿದ್ದ ಆ ಪುಸ್ತಕ ಕೇಳಿ ತಂದೆನಲ್ಲ, ಹುರಿ ಸಡಿಲಾಗಿದೆ, ಹೊಲಿದು ಕೊಡ್ತೀನಿ ಅಂತ? ಹೊಲಿದಿದ್ದೇನೆ. ನಿಮಗೆ ಈಗ ಕಣ್ಣು ಮಂಜು, ನಾನೇ ಪಕ್ಕದಲ್ಲಿ ಕೂತು ಓದುತ್ತೇನೆ. ಒಂಬತ್ತನೇ ಪುಟ ಹೊಸದು. ಅಲ್ಲಿ ಹೆಗ್ಗಣವಿಲ್ಲ, ಹಸಿರು ಸೀರೆಯ ಹೊಸ ಸೊಸೆಯೊಬ್ಬಳು ಬಾಯಿ ತುಂಬ ತುರುಕಿಕೊಂಡು ನಿಂತಿದ್ದಾಳೆ. ಕಿಂಡಿಯಲ್ಲೇ ಬರುತ್ತಿದ್ದೇನೆ, ಗೌರತ್ತೆ. ಈಗ ಎರಡು ಮನೆಯಲ್ಲೂ ಎಮ್ಮೆ ಇಲ್ಲ. ನನಗೇ ಬೈಯಿರಿ.