ತೇಲದ ಆಲೂಗಡ್ಡೆ

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಮದರಾಸಿನ ರೈಲ್ವೆ ಕೆಲಸದಿಂದ ನಿವೃತ್ತರಾಗಿ ಮೈಸೂರಿಗೆ ಹೋಗಲಿದ್ದರು. ನನಗೆ ಅಡ್ಯಾರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಅದು ಕಾಯಂ ಆದರೆ ಮದರಾಸಿನಲ್ಲೇ ಉಳಿಯಬಹುದು. ಇಲ್ಲದಿದ್ದರೆ ಅಪ್ಪ ಅಮ್ಮನ ಜೊತೆ ಮೈಸೂರಿನ ರೈಲು ಹತ್ತಿ, ಅವರು ನೋಡಿಟ್ಟ ಗಂಡಿನ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲಬೇಕು. ತೀರ್ಮಾನ ಮುಖ್ಯೋಪಾಧ್ಯಾಯಿನಿಯದು. ನನ್ನ ಪಾಠ ನೋಡಲು ಬರುತ್ತೇನೆ ಎಂದರು. ಅಂದಿನ ಪಾಠ ಸಾಂದ್ರತೆ.

ಅಲ್ಲಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ ತೋರಿಸಿ ಎಂದಿತ್ತು ಪುಸ್ತಕ. ನಮ್ಮ ವೈಷ್ಣವರ ಮನೆಗೆ ಮೊಟ್ಟೆ ತಂದಿದ್ದರೆ ನಾನೂ ಅದೂ ಒಟ್ಟಿಗೆ ಬೀದಿಯಲ್ಲಿರುತ್ತಿದ್ದೆವು. ಆಲೂಗಡ್ಡೆ ಹಿಡಿದೆ. ಹಿತ್ತಲ ಬಾವಿಯಿಂದ ಬೋಸಿ ತುಂಬ ನೀರು ಸೇದಿ, ಹಿಡಿ ಹಿಡಿ ಉಪ್ಪು ಕದಡಿದೆ. ಮುಳುಗಿದ್ದ ಗಡ್ಡೆ ಮೇಲೆ ಬಂತು. ನಂಬಿಕೆ ಸಾಲದೆ ಮತ್ತೆ ಮತ್ತೆ ಮಾಡಿದೆ.

“ಉಪ್ಪೆಲ್ಲಾ ಖಾಲಿ ಮಾಡ್ಬಿಟ್ಟೆಯಲ್ಲೇ. ಚುಮ್ಮಾ ಒಂದ್ಕಡೆ ಕೂತ್ಕೋಬಾರ್ದಾ?” ಅಂದಳು ಅಮ್ಮ.

ಅದೇ ಬೋಸಿ, ಅದೇ ಗಡ್ಡೆ, ಅಷ್ಟೇ ಉಪ್ಪು ಶಾಲೆಗೆ ಒಯ್ದೆ. ನೀರು ಮಾತ್ರ ಅಲ್ಲಿನ ನಲ್ಲಿಯದು. ಉಪ್ಪೆಲ್ಲ ಸುರಿದರೂ ಗಡ್ಡೆ ತಳ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಬೋಸಿಯನ್ನು ಕಿಟಕಿಯಾಚೆ ಎಸೆಯುವಷ್ಟು ಸಿಟ್ಟು ಬಂತು ನನಗೆ.

“ಯಾಕಮ್ಮಾ ತೇಲುತ್ತಿಲ್ಲ?” ಮುಖ್ಯೋಪಾಧ್ಯಾಯಿನಿ ತಮಿಳಿನಲ್ಲಿ ಕೇಳಿದರು.

ಆಗ ಹೊಳೆಯಿತು. ನಮ್ಮ ಮನೆಗೆ ಸಮುದ್ರ ಹತ್ತಿರ. ಬಾವಿ ನೀರು ಬಾಯಿಗಿಟ್ಟರೆ ಉಗುಳಬೇಕು, ಪಾತ್ರೆ ತೊಳೆಯಲಷ್ಟೇ ಲಾಯಕ್ಕು.

“ನಮ್ಮನೆ ನೀರಿನಲ್ಲಿ ಮೊದಲೇ ಉಪ್ಪಿದೆ. ಇದು ಸಿಹಿನೀರು,” ಎಂದೆ. “ಅದೇ ಬೋಸಿ ತುಂಬಿಸಿದರೂ ಆ ನೀರು ಇದಕ್ಕಿಂತ ಹೆಚ್ಚು ತೂಗುತ್ತದೆ. ಅಷ್ಟೇ ಜಾಗದಲ್ಲಿ ಎಷ್ಟು ತೂಕ ಹಿಡಿಸಿದೆ ಅನ್ನೋದೇ ಸಾಂದ್ರತೆ. ಈ ನೀರು ಗಡ್ಡೆಯನ್ನು ಎತ್ತಬೇಕಾದರೆ ಇನ್ನೂ ಉಪ್ಪು ಬೇಕು.”

ಅವರು ಆಯಾಳನ್ನು ಅಟ್ಟಿ ಶಾಲೆಯ ಅಡುಗೆಮನೆಯಿಂದ ಉಪ್ಪು ತರಿಸಿದರು. ಕದಡಿದೆ. ಗಡ್ಡೆ ಅಲ್ಲಾಡಿತು, ಮೇಲೆ ಬಂತು.

ಕೆಲಸ ಕಾಯಂ ಆಯಿತು. ಮನೆಗೆ ಓಡಿಬಂದು ಹೇಳಿದೆ. ಅಮ್ಮ ಮೈಸೂರಿಗೆ ಸಾಮಾನು ಕಟ್ಟುತ್ತಿದ್ದಳು. ಕಟ್ಟಿದ್ದ ಮೂಟೆಯನ್ನೇ ಬಿಚ್ಚಿ, ಒಬ್ಬರಿಗಷ್ಟೇ ಅನ್ನ ಬೇಯುವ ಚಿಕ್ಕ ತಪ್ಪಲೆಯೊಂದನ್ನು ಹೊರತೆಗೆದು ಒಲೆಯ ಪಕ್ಕ ಇಟ್ಟಳು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.