ಎಲ್ಲರ ಡಬ್ಬಿ

ಭಾರ ಎತ್ತುವ ಹುಡುಗಿಯೊಬ್ಬಳು ಮಹಡಿ ಕೋಣೆಗೆ ಬಾಡಿಗೆಗೆ ಬರುತ್ತಾಳೆಂದು ದಲ್ಲಾಳಿ ಹೇಳಿದ ದಿನ, ಕೆಳಮನೆಯ ದರ್ಜಿ ಅಜ್ಜಿ ಮೊದಲು ನೋಡಿದ್ದು ತನ್ನ ತಲೆ ಮೇಲಿನ ಛಾವಣಿಯನ್ನು.

"ಮೂಟೆ ಹೊರೋಳಾ?"

"ಮೂಟೆ ಅಲ್ಲಜ್ಜಿ, ಕಬ್ಬಿಣ. ಪಂದ್ಯಕ್ಕೆ."

"ಎತ್ತಿ ಎಲ್ಲಿಗೆ ತಗೊಂಡು ಹೋಗ್ತಾಳೆ?"

"ಎಲ್ಲಿಗೂ ಇಲ್ಲ. ತಲೆ ಮೇಲೆ ಎತ್ತಿ, ಅಲ್ಲೇ ಕೆಳಗೆ ಹಾಕ್ತಾಳೆ."

"ಅಯ್ಯೋ, ಅದಕ್ಕೆ ಅಷ್ಟು ಕಷ್ಟ ಯಾಕೆ!"

ಗಂಡ ತೀರಿಕೊಂಡ ಮೇಲೆ ಅಜ್ಜಿಯ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹುಡುಗಿ ಬಂದ ವಾರದಲ್ಲೇ ತೋಳು ಹರಿದ ಅಂಗಿ ಹಿಡಿದು ಬಾಗಿಲಲ್ಲಿ ನಿಂತಳು. ಅಜ್ಜಿ ಅಳತೆ ಪಟ್ಟಿ ಹಿಡಿದು ನಕ್ಕಳು. "ಸೊಂಟಕ್ಕೆ ದೊಗಳೆ, ಹೆಗಲಿಗೆ ಬಿಗಿ. ನಿನ್ನನ್ನ ಇಬ್ಬರಿಂದ ಕತ್ತರಿಸಿ ಜೋಡಿಸಿದ್ದಾರೇನೇ?"

ಅಂದಿನಿಂದ ಹುಡುಗಿ ಕೆಳಗೇ ಕೂತು ಮೊಟ್ಟೆ ತಿನ್ನುತ್ತಿದ್ದಳು. ಬಿಳಿ ಅವಳಿಗೆ, ಹಳದಿ ಅಜ್ಜಿಗೆ. ಆಮೇಲೆ ಬಾಟಲಿಯಲ್ಲಿ ಎಂಥದೋ ಪುಡಿ ಕದಡಿ ಕುಡಿಯುತ್ತಿದ್ದಳು. ಪ್ರೋಟೀನ್ ಅಂತೆ.

"ಎಳೆ ಮಗುವಿಗೆ ಕಲಸಿದ ಹಾಗಿದೆಯಲ್ಲೇ."

"ಭಾರ ಎತ್ತಿದ್ರೆ ಸ್ನಾಯು ಒಳಗೊಳಗೇ ಹರಿಯುತ್ತೆ ಅಜ್ಜಿ. ಇದು ಹೊಲಿಯುತ್ತೆ."

ಆ ಪುಡಿ ಅವಳೊಬ್ಬಳದಲ್ಲ. ಅಭ್ಯಾಸ ಮಾಡುವ ಜಿಮ್ಮಿನ ಮೂಲೆಯಲ್ಲಿ ಒಂದು ದೊಡ್ಡ ಡಬ್ಬಿ ಇತ್ತು. ಯಾರ ಕೈಲಿ ಎಷ್ಟಾಗುತ್ತೋ ಅಷ್ಟು ಪುಡಿ ತಂದು ಅದಕ್ಕೆ ಸುರಿಯುವುದು, ಆಮೇಲೆ ಎಲ್ಲ ಹುಡುಗಿಯರಿಗೂ ಒಂದೇ ಅಳತೆ. ಬೇಕಾದರೆ ಬಾಟಲಿಗೆ ತುಂಬಿಕೊಂಡು ಮನೆಗೂ ತರಬಹುದು. ಯಾರು ಏನು ತಂದಿರಿ, ಎಲ್ಲಿಂದ ತಂದಿರಿ ಎಂದು ಮಾತ್ರ ಕೇಳುವ ಹಾಗಿಲ್ಲ. ಕೇಳಿದರೆ ತರಲಾಗದವಳ ಮುಖ ಸಣ್ಣದಾಗುತ್ತದೆ. ಒಳ್ಳೇ ಮನಸ್ಸಿನ ಕಟ್ಟಳೆ ಎಂದು ಅಜ್ಜಿಗೂ ಅನಿಸಿತ್ತು.

ದೇಶದ ತಂಡಕ್ಕೆ ಆರಿಸುವ ಪಂದ್ಯದಲ್ಲಿ ಹುಡುಗಿ ಮೊದಲು ಬಂದಳು. ಓಡಿ ಬಂದು ಅಜ್ಜಿಯನ್ನು ಎತ್ತಿಯೇಬಿಟ್ಟಳು. "ಇಳಿಸೇ, ನಾನೇನು ಕಬ್ಬಿಣವಾ!" ಎಂದು ಅಜ್ಜಿ ಕೂಗಿದ್ದು ಬೀದಿಗೆಲ್ಲ ಕೇಳಿತು.

ಗೆದ್ದವರ ಮೂತ್ರ ಪರೀಕ್ಷೆಗೆ ಹೋಗಿತ್ತು. ಅವಳದರಲ್ಲಿ ಸ್ನಾಯು ಬೆಳೆಸುವ ಔಷಧಿ ಸಿಕ್ಕಿತು. ಆಟಗಾರರು ಮುಟ್ಟಲೇಬಾರದ ಔಷಧಿ.

"ಪುಡಿಯಲ್ಲೇ ಬೆರೆತಿರಬೇಕು ಅಜ್ಜಿ. ಬೇರೇನೂ ತಿಂದಿಲ್ಲ ನಾನು."

"ಹಾಗಾದ್ರೆ ಉಳಿದವರಿಗೆ?"

"ಅವರು ಗೆಲ್ಲಲಿಲ್ಲ. ಅವರನ್ನ ಯಾರು ಪರೀಕ್ಷೆ ಮಾಡ್ತಾರೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಜ್ಜಿಗೆ ಮೈ ಉರಿಯಿತು. "ಬಾಯಿ ಬಿಟ್ಟು ಹೇಳೇ, ಎಲ್ಲರೂ ಅದೇ ಪುಡಿ ತಿಂದ್ವಿ ಅಂತ."

"ಹೇಳಿದ್ರೆ ಅವರೂ ಮುಳುಗ್ತಾರೆ. ನಾನಂತೂ ತೇಲಲ್ಲ. ತೇಲಬೇಕಂದ್ರೆ ಯಾರು ಬೆರೆಸಿದ್ರು ಅನ್ನೋದಕ್ಕೆ ಸಾಕ್ಷಿ ಬೇಕು."

ಅವಳು ಜಿಮ್ಮಿಗೆ ಹೋಗುವಷ್ಟರಲ್ಲಿ ಡಬ್ಬಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಯಾರು ತೊಳೆದರೋ, ಅದನ್ನೂ ಯಾರೂ ಕೇಳಲಿಲ್ಲ. ಜೊತೆಯ ಹುಡುಗಿಯರು ಕಬ್ಬಿಣದ ಸರಳಿನ ಮೇಲೆ ತಲೆ ಬಗ್ಗಿಸಿದವರು ಎತ್ತಲೇ ಇಲ್ಲ. ಒಬ್ಬಳು ಮಾತ್ರ ಒಂದು ಸಂಜೆ ಅಜ್ಜಿಯ ಮನೆ ಬಾಗಿಲವರೆಗೆ ಬಂದು, ಚಪ್ಪಲಿ ಬಿಡದೆ, ಹಾಗೇ ತಿರುಗಿ ಹೋದಳು.

ನಾಲ್ಕು ವರ್ಷ ನಿಷೇಧವಾಯಿತು. ಆ ಪ್ರಾಯದಲ್ಲಿ ಅಷ್ಟು ಕಾಲ ಸುಮ್ಮನೆ ಕೂತವರು ಮತ್ತೆ ಏಳುವುದಿಲ್ಲವಂತೆ. ಹುಡುಗಿ ಉಣ್ಣುವುದು ಬಿಟ್ಟಳು. ಅಂಗಿಗಳು ಹೆಗಲಿಂದ ಜಾರತೊಡಗಿದವು. ಅಜ್ಜಿ ಹಿಂದೆ ಹೆಗಲಿಗೆಂದು ಬಿಚ್ಚಿದ್ದ ಹೊಲಿಗೆಗಳನ್ನು ಒಂದೊಂದಾಗಿ ಮತ್ತೆ ಹಿಡಿದಳು; ಸೂಜಿಗೆ ದಾರ ಪೋಣಿಸೋಣವೆಂದರೆ ಕಣ್ಣೀರು ಅಡ್ಡ ಬರುತ್ತಿತ್ತು.

ದೂರದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಸಿಕ್ಕಿತೆಂದು ಹುಡುಗಿ ಕೋಣೆ ಖಾಲಿ ಮಾಡಿದಳು. ಗಂಟು ಹೊತ್ತು ಮೆಟ್ಟಿಲಿಳಿದು ನಿಂತಳು.

"ನಮ್ಮಮ್ಮ ನಿಮಗೆ ಫೋನ್ ಮಾಡ್ತಾಳೆ ಅಜ್ಜಿ. ಹೆಗಲು ಉಳುಕಿತು, ಅದಕ್ಕೇ ಆಟ ಬಿಟ್ಟಳು ಅಂತ ಹೇಳಿ."

"ನಿಜ ಹೇಳೇ. ಹೆತ್ತವಳು ನಂಬದೆ ಇರ್ತಾಳಾ?"

"ನಂಬ್ತಾಳೆ. ಅದೇ ಕಷ್ಟ. ನಂಬಿ, ಬಂದು, ಒಂದೊಂದು ಬಾಗಿಲು ತಟ್ಟಿ ಮಗಳು ಕಳ್ಳಿ ಅಲ್ಲ ಅಂತ ಕಾಲು ಹಿಡೀತಾಳೆ. ಹೆಗಲು ಅಂದ್ರೆ ಮನೇಲೇ ಕೂತು ಅಳ್ತಾಳೆ, ಅಷ್ಟೇ. ಹೇಳ್ತೀರಲ್ಲ, ಅಜ್ಜಿ?"